ಮಳೆಗಾಲಕ್ಕೆ ಮುಂಚೆ ಸೈಕಲ್ ರಿಪೇರಿ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಸುಂಟಿಕೊಪ್ಪ_ತೋಟದಮನೆ
ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಸುಂಟಿಕೊಪ್ಪದಿಂದ ಒಳಗೆ, ಮಾದಾಪುರದ ಕಡೆ ಇರುವವಳು. ಕಾಫಿ ಕೊಯ್ಲು ಮುಗಿದ ಮೇಲೆ ಗೇರ್ ಸೈಕಲ್ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಮುಂದೆ 3, ಹಿಂದೆ 7 ಗೇರು. ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಕೇಬಲ್‌ನಿಂದ ಎಳೆಯುವಂಥದ್ದು. ಓಡಿಸುವುದಕ್ಕೆ ತುಂಬಾ ಖುಷಿ. ತೊಂದರೆ ಎಲ್ಲಾ ರಿಪೇರಿಯದ್ದು.

ಏರು ಹತ್ತುವಾಗ ಜೋರಾಗಿ ತುಳಿದರೆ ಚೈನ್ ಟಕ್ ಅಂತ ಜಾರುತ್ತದೆ. ಬ್ರೇಕ್ ಹಿಡಿಯದಿದ್ದರೂ ಹಿಂದಿನ ಡಿಸ್ಕ್ ಕಿಂಯ್ ಅನ್ನುತ್ತದೆ. ಪೇಟೆಯ ಅಂಗಡಿಯೊಂದಕ್ಕೆ ಒಯ್ದೆ. ಅವರು ಚೈನಿಗೆ ಎಣ್ಣೆ ಸುರಿದು, "ಚೈನು, ಫ್ರೀವೀಲ್ ಎರಡೂ ಹೋಗಿದೆ, ಬದಲಾಯಿಸಿ" ಅಂದರು. ಫ್ರೀವೀಲ್ ಅಂದರೆ ಹಿಂದಿನ ಚಕ್ರದ ಹಲ್ಲುಗಳ ಗುಂಪು. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಪ್ರತಿ ಸಲ ಜೀಪಿನ ಹಿಂದೆ ಹಾಕಿಕೊಂಡು ಪೇಟೆಗೆ ಹೋಗುವುದೂ ಆಗದ ಮಾತು.

ಹಾಗಾಗಿ ನಾನೇ ಕಲಿಯಬೇಕು ಅಂತ ತೀರ್ಮಾನ ಮಾಡಿದ್ದೇನೆ. ಸ್ಪ್ಯಾನರ್ ಹಿಡಿದು ಅಭ್ಯಾಸ ಇಲ್ಲ. ಮೊದಲು ಏನು ಕಲಿಯಲಿ? ಯಾವ ಸಾಮಾನು ಬೇಕು? ಯಾವುದಕ್ಕೆ ಕೈ ಹಾಕಬಾರದು? ಜೂನ್ ಬಂದರೆ ನಮ್ಮ ಕಡೆ ರಸ್ತೆ ಪೂರ್ತಿ ಕೆಂಪು ಕೆಸರು. ಅಷ್ಟರೊಳಗೆ ಒಂದಷ್ಟಾದರೂ ಗೊತ್ತಾಗಬೇಕು.

ಹಳೇ_ಅಟ್ಲಾಸ್
ಮೊದಲು ಪಂಚರ್ ಹಾಕುವುದು ಕಲಿಯಮ್ಮ. ಉಳಿದದ್ದು ಆಮೇಲೆ. ನಾನು ಶನಿವಾರಸಂತೆಯವನು. ಹೈಸ್ಕೂಲಿಗೆ ಹೋಗುವಾಗಿನಿಂದ ಕರಿ ಸೈಕಲ್ ತುಳಿದವನು. ಮನೆಯಲ್ಲಿ ಒಂದು ಪಾನಾ, ಒಂದು ಸ್ಕ್ರೂಡ್ರೈವರ್, ಸೊಲ್ಯೂಷನ್, ಹಳೇ ಟ್ಯೂಬಿನ ತುಂಡು ಇದ್ದರೆ ಇಡೀ ಸೈಕಲ್ ನಡೆಯುತ್ತಿತ್ತು. ಚಕ್ರದ ನಡುವಿನ ಹಬ್ಬಿನ ಮೇಲೆ ಒಂದು ಪುಟ್ಟ ತೂತು, ಅದಕ್ಕೆ ಸ್ಪ್ರಿಂಗ್ ಪಟ್ಟಿ. ಪಟ್ಟಿ ಸರಿಸಿ ಎರಡು ಹನಿ ಎಣ್ಣೆ ಬಿಟ್ಟರೆ ಆಯಿತು. ಚೈನಿಗೆ ಗಾಡಿಯಿಂದ ಇಳಿಸಿದ ಹಳೇ ಎಂಜಿನ್ ಆಯಿಲ್. ಈಗಿನ ಲ್ಯೂಬ್ ಗೀಬ್ ಎಲ್ಲಾ ಸುಮ್ನೆ ದುಡ್ಡಿಗೆ ದಂಡ.

ಮೈಸೂರು_ಪೆಡಲ್
ಪಂಚರ್ ಮೊದಲು ಅನ್ನುವುದು ಒಪ್ಪಿದೆ ಸರ್. ಹಳೇ ಎಂಜಿನ್ ಆಯಿಲ್ ಮಾತ್ರ ಬೇಡವೇ ಬೇಡ. ಗಾಡಿಯಿಂದ ಇಳಿಸಿದ ಎಣ್ಣೆಯಲ್ಲಿ ಮಸಿ ಇರುತ್ತದೆ, ಸವೆದ ಲೋಹದ ಪುಡಿ ಇರುತ್ತದೆ. ಅದನ್ನೇ ಚೈನಿಗೆ ಹಾಕಿದರೆ ಎಣ್ಣೆ ಬಿಟ್ಟ ಹಾಗೂ ಆಯಿತು, ಉಜ್ಜುವ ಪುಡಿ ಸುರಿದ ಹಾಗೂ ಆಯಿತು. ಜೊತೆಗೆ ಅದು ಮಂದ. ದೂಳು, ಮಣ್ಣು ಎಲ್ಲಾ ಅಂಟಿಕೊಳ್ಳುತ್ತದೆ. ಕರಿ ಸೈಕಲ್ಲಿನ ದಪ್ಪ ಚೈನ್, ಒಂದೇ ಗೇರು, ಚೈನಿಗೆ ಮುಚ್ಚಳ. ಅದು ತಡೆದುಕೊಳ್ಳುತ್ತಿತ್ತು. 7 ಗೇರಿನ ತೆಳು ಚೈನ್ ತಡೆಯುವುದಿಲ್ಲ.

ಹಳೇ_ಅಟ್ಲಾಸ್
ನನ್ನ ಸೈಕಲ್ ಇವತ್ತಿಗೂ ಓಡುತ್ತಿದೆ ಮಾರಾಯ.

ಮೈಸೂರು_ಪೆಡಲ್
ಓಡಲಿ ಸರ್, ಸಂತೋಷ. ಅದು ಆ ಸೈಕಲ್ಲಿನ ಗಟ್ಟಿತನ, ಆ ಎಣ್ಣೆಯದ್ದಲ್ಲ.

ಗಾಳಿಬೀಡು_ಮಳೆ
ಮೇಡಂ, ನಮ್ಮ ಊರಿನ ಮಳೆ ಗೊತ್ತಲ್ವಾ. ಕುಶಾಲನಗರದವರ ಮಳೆಗಾಲಕ್ಕೂ ನಮ್ಮದಕ್ಕೂ ಅಜಗಜಾಂತರ. ಇಲ್ಲಿ ಓಡಿಸುವವರಿಗೆ ನನ್ನ ಪ್ರಕಾರ ಮೊದಲ ಪಾಠ ಪಂಚರ್ ಅಲ್ಲ, ಚೈನ್ ಒರೆಸುವುದು. ಪಂಚರ್ ಅಪರೂಪಕ್ಕೆ ಆಗುತ್ತದೆ. ಚೈನಿಗೆ ಕೆಸರು ದಿನಾ ಹತ್ತುತ್ತದೆ.

ನಾನು ಮಾಡುವುದು ಇಷ್ಟು. ಮನೆಗೆ ಬಂದ ಕೂಡಲೇ ಚೊಂಬಿನಲ್ಲಿ ನೀರು ಹಾಕಿ ಕೆಸರು ಇಳಿಸುತ್ತೇನೆ. ಹಳೇ ಬನಿಯನ್ ತುಂಡಿನಲ್ಲಿ ಚೈನನ್ನು ಮುಷ್ಟಿಯಲ್ಲಿ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸುತ್ತೇನೆ. ಬಟ್ಟೆ ಕಪ್ಪಾಗುವುದು ಕಡಿಮೆಯಾಗುವ ತನಕ. ಪೂರ್ತಿ ಒಣಗಿದ ಮೇಲೆ ಕೆಳಗಿನ ಸಾಲಿನಲ್ಲಿ ಒಳಬದಿಗೆ, ಚೈನಿನ ಒಂದೊಂದು ರೋಲರಿಗೆ (ಪಿನ್ನಿನ ಸುತ್ತ ತಿರುಗುವ ಸಣ್ಣ ಉರುಳೆ) ಒಂದೊಂದೇ ಹನಿ ಲ್ಯೂಬ್. ಆಮೇಲೆ ಪೆಡಲ್ ಹಿಂದಕ್ಕೆ ಹತ್ತಿಪ್ಪತ್ತು ಸುತ್ತು. ಸ್ವಲ್ಪ ಹೊತ್ತು ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲಾ ಒರೆಸಿ ತೆಗೆಯುವುದು. ಇದನ್ನೇ ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಎಣ್ಣೆ ಬೇಕಾದದ್ದು ರೋಲರಿನ ಒಳಗೆ. ಹೊರಗೆ ಉಳಿದದ್ದು ಮಣ್ಣು ಹಿಡಿಯುವುದಕ್ಕೆ ಮಾತ್ರ.

ಲ್ಯೂಬಿನಲ್ಲಿ ಎರಡು ಥರ ಇದೆ. ಬೇಸಿಗೆಗೆ 'ಡ್ರೈ', ಮಳೆಗೆ 'ವೆಟ್'. ಜೂನ್‌ನಿಂದ ಸೆಪ್ಟೆಂಬರ್ ತನಕ ವೆಟ್ ಹಾಕಿ. ಡ್ರೈ ಹಾಕಿದರೆ ಒಂದೇ ಮಳೆಗೆ ತೊಳೆದು ಹೋಗಿ ಚೈನ್ ಕೀಚ್ ಅನ್ನುತ್ತದೆ.

ಅಮ್ಮತ್ತಿ_ಕೋವಿ
ಮನೆಯಲ್ಲಿ ಕೋವಿಗೆ ಹಾಕುವ ಎಣ್ಣೆ ಇದೆ. ಕೈಲ್ ಪೊಳ್ದ್ (ಕೊಡವರ ಆಯುಧ ಹಬ್ಬ) ಸಮಯದಲ್ಲಿ ತಂದದ್ದು, ಮುಕ್ಕಾಲು ಬಾಟಲಿ ಉಳಿದಿದೆ. ಅದು ಚೈನಿಗೆ ಆಗುತ್ತದಾ?

ಗಾಳಿಬೀಡು_ಮಳೆ
ಅದು ತೀರಾ ತೆಳು ಅಣ್ಣ. ಹೊಲಿಗೆ ಯಂತ್ರದ ಎಣ್ಣೆಯೂ ಹಾಗೇ. ಬೇಸಿಗೆಯಲ್ಲಿ ಸಣ್ಣ ಸುತ್ತಾಟಕ್ಕೆ ನಡೆಯುತ್ತದೆ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಗೇಟು ದಾಟುವಷ್ಟರಲ್ಲಿ ತೊಳೆದು ಹೋಗಿರುತ್ತದೆ. ಬ್ರೇಕ್ ಲಿವರಿನ ಕೀಲು, ಗೇರಿನ ಕೀಲುಗಳಿಗೆ ಒಂದೊಂದು ಹನಿ ಹಾಕಿ, ಅದಕ್ಕೆ ಚೆನ್ನಾಗಿದೆ. ಡಿಸ್ಕ್ ಹತ್ತಿರ ಮಾತ್ರ ಒಯ್ಯಬೇಡಿ.

ಬೆಂಗಳೂರಲ್ಲಿ_ಕೊಡಗು
ಸಾಮಾನಿನ ಪಟ್ಟಿ ಕೊಡುತ್ತೇನೆ: ರಿಪೇರಿ ಸ್ಟ್ಯಾಂಡ್, ಟಾರ್ಕ್ ರೆಂಚ್, ಚೈನ್ ಚೆಕರ್, ಚೈನ್ ಕತ್ತರಿಸುವ ಟೂಲ್, ಕೇಬಲ್ ಕಟರ್, ಕೋನ್ ಸ್ಪ್ಯಾನರ್, ಕಡ್ಡಿ ಬಿಗಿಮಾಡುವ ಕೀ, ಬಾಟಮ್ ಬ್ರಾಕೆಟ್ (ಪೆಡಲ್ ತೋಳುಗಳ ನಡುವಿನ ಅಚ್ಚು) ಟೂಲ್, ಗೇಜ್ ಇರುವ ನೆಲದ ಪಂಪು. ಒಂದೇ ಸಲ ಒಳ್ಳೆಯದನ್ನು ತೆಗೆದುಕೊಂಡರೆ ಜೀವಮಾನಕ್ಕೆ ಸಾಕು.

ಪೊನ್ನಂಪೇಟೆ_ಅಕ್ಕ
ಇಷ್ಟಕ್ಕೆ ಕೊಡುವ ದುಡ್ಡಿನಲ್ಲಿ ಇನ್ನೊಂದು ಸೈಕಲ್ ಬರುತ್ತದೆ. ಆಕೆ ಕೇಳಿದ್ದು ಶುರು ಎಲ್ಲಿಂದ ಅಂತ.

ತಂಗಿ, ನಿಮ್ಮ ಸೈಕಲ್ಲಿಗೆ ಅಲೆನ್ ಕೀ ಸೆಟ್ ಒಂದು ತೆಗೆದುಕೊಳ್ಳಿ. ಅದರಲ್ಲಿ 4, 5, 6 ಮಿ.ಮೀ. ಇದ್ದರೆ ಮುಕ್ಕಾಲು ಬೋಲ್ಟುಗಳು ಮುಗಿದವು. ಚಕ್ರ ನಟ್ಟಿನಲ್ಲಿ ನಿಂತಿದ್ದರೆ 15ರ ಸ್ಪ್ಯಾನರ್. ಒಂದು ಸ್ಟಾರ್ ಸ್ಕ್ರೂಡ್ರೈವರ್. ಪ್ಲಾಸ್ಟಿಕ್ ಟಯರ್ ಲಿವರ್ ಒಂದು ಜೊತೆ, ಪಂಚರ್ ಕಿಟ್, ಪಂಪು, ಲ್ಯೂಬ್. ಇಷ್ಟೇ. ಉಳಿದದ್ದು ಬೇಕು ಅನ್ನಿಸಿದ ದಿನ ತಂದರಾಯಿತು. ಸ್ಟ್ಯಾಂಡ್ ಕೂಡ ಬೇಡ. ನಾವು ಸೌದೆ ಕೊಟ್ಟಿಗೆಯ ಅಡ್ಡಕಂಬಕ್ಕೆ ಎರಡು ಹಗ್ಗ ಕಟ್ಟಿ ಸೀಟಿನಲ್ಲಿ ತೂಗುಹಾಕಿ ಕೆಲಸ ಮಾಡುತ್ತೇವೆ.

ಇನ್ನು ಪಂಚರ್. ಮಗಳಿಗೆ ಹೇಳಿಕೊಟ್ಟ ಹಾಗೇ ಬರೆಯುತ್ತೇನೆ. ಗಾಳಿ ಪೂರ್ತಿ ಬಿಡಿ. ಟಯರಿನ ಅಂಚನ್ನು ಎರಡೂ ಕಡೆ ಹೆಬ್ಬೆರಳಿನಿಂದ ರಿಮ್ಮಿನ ನಡುವಿನ ತಗ್ಗಿಗೆ ಒತ್ತುತ್ತಾ ಸುತ್ತಲೂ ಬನ್ನಿ. ಆಗ ಸಡಿಲ ಸಿಗುತ್ತದೆ. ಲಿವರ್ ಹಾಕಿ ಒಂದು ಬದಿ ಮಾತ್ರ ಹೊರಗೆ ತೆಗೆಯಿರಿ, ಟ್ಯೂಬ್ ಎಳೆಯಿರಿ. ಎಳೆಯುವ ಮುಂಚೆ ವಾಲ್ವ್ ಟಯರಿನ ಯಾವ ಅಕ್ಷರದ ಎದುರಿಗೆ ಇತ್ತು ಅಂತ ನೋಡಿಕೊಳ್ಳಿ. ಟ್ಯೂಬಿಗೆ ಗಾಳಿ ಹಾಕಿ ಬಕೆಟ್ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸಿ. ಗುಳ್ಳೆ ಬಂದ ಕಡೆ ಗುರುತು ಹಾಕಿ. ಈಗ ಟ್ಯೂಬನ್ನು ಟಯರಿನ ಪಕ್ಕ ಇಟ್ಟು ಆ ಅಕ್ಷರಕ್ಕೆ ಹೊಂದಿಸಿದರೆ ಮುಳ್ಳು ಟಯರಿನ ಯಾವ ಭಾಗದಲ್ಲಿ ಕೂತಿದೆ ಅಂತ ತಾನಾಗಿ ಗೊತ್ತಾಗುತ್ತದೆ. ಟಯರಿನ ಒಳಗೆ ಮೆಲ್ಲಗೆ ಬೆರಳಾಡಿಸಿ. ಕಿತ್ತಳೆ ಮುಳ್ಳು, ಬೇಲಿ ತಂತಿಯ ಚೂರು, ಏನಾದರೂ ಒಂದು ಸಿಗುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೂ ಮತ್ತೆ ಅದೇ ಕಥೆ.

ಟ್ಯೂಬ್ ಒಣಗಿಸಿ, ತೂತಿನ ಸುತ್ತ ಎಮರಿ ಕಾಗದದಲ್ಲಿ ಹೊಳಪು ಹೋಗುವ ತನಕ ಉಜ್ಜಿ. ಸೊಲ್ಯೂಷನ್ ತೆಳ್ಳಗೆ, ಪ್ಯಾಚಿಗಿಂತ ಅಗಲವಾಗಿ ಬಳಿಯಿರಿ. ಆಮೇಲೆ ಕಾಯಿರಿ. ಹಸಿ ಇರುವಾಗಲೇ ಪ್ಯಾಚ್ ಒತ್ತಿದರೆ ಕೂರುವುದಿಲ್ಲ. ಬೆರಳು ತಾಗಿಸಿದರೆ ಅಂಟು ಅನ್ನಿಸಬೇಕು, ಬೆರಳಿಗೆ ಬರಬಾರದು. ಆಗ ಪ್ಯಾಚ್ ಇಟ್ಟು ನಡುವಿನಿಂದ ಅಂಚಿಗೆ ಗಟ್ಟಿಯಾಗಿ ಒತ್ತಿ. ವಾಪಸ್ ಹಾಕುವಾಗ ಟ್ಯೂಬಿಗೆ ಸ್ವಲ್ಪ ಗಾಳಿ ಇರಲಿ. ಟಯರನ್ನು ವಾಲ್ವಿನ ಎದುರು ಬದಿಯಿಂದ ಕೂರಿಸುತ್ತಾ ಬಂದು ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಬಿಗಿ ಭಾಗಕ್ಕೆ ಕೈಯೇ ಸಾಕು. ಲಿವರ್ ಹಾಕಿದರೆ ಟ್ಯೂಬ್ ಸಿಕ್ಕಿಕೊಂಡು ಇನ್ನೊಂದು ತೂತು ಆಗುತ್ತದೆ.

ಹಳೇ_ಅಟ್ಲಾಸ್
ಅಕ್ಕ ಬರೆದದ್ದು ನೂರಕ್ಕೆ ನೂರು ಸರಿ. ಸೊಲ್ಯೂಷನ್ ಒಣಗಲು ಬಿಡುವ ತಾಳ್ಮೆ ಇದ್ದವರಿಗೇ ಪಂಚರ್ ನಿಲ್ಲುವುದು.

ತಿತಿಮತಿ_ದಾರಿ
ಮನೆಯಲ್ಲಿ ಕಲಿಯಿರಿ, ದಾರಿಯಲ್ಲಿ ಪ್ಯಾಚ್ ಹಾಕಲು ಹೋಗಬೇಡಿ. ಒಂದು ಒಳ್ಳೆಯ ಟ್ಯೂಬ್ ಜೊತೆಗಿರಲಿ, ಬದಲಾಯಿಸಿ ಬನ್ನಿ. ನಮ್ಮ ಕಡೆ ಗೋಣಿಕೊಪ್ಪಕ್ಕೆ ಹೋಗುವ ದಾರಿಯಲ್ಲಿ ಆನೆ ಯಾವಾಗ ರಸ್ತೆಗೆ ಬರುತ್ತದೋ ಹೇಳಲಾಗದು. ಸಿದ್ದಾಪುರ, ಮಾಲ್ದಾರೆ ಕಡೆಯೂ ಅದೇ. ಅಂಥಲ್ಲಿ ಗಾಳಿ ಹೋದರೆ ಚಕ್ರ ಬಿಚ್ಚುತ್ತಾ ಕೂರುವ ಮಾತೇ ಇಲ್ಲ. ತಳ್ಳಿಕೊಂಡು ಮನೆ, ಅಂಗಡಿ ಇರುವ ಕಡೆ ಬಂದುಬಿಡಿ. ಟ್ಯೂಬ್ ಹಾಳಾದರೆ ಹಾಳಾಗಲಿ.

ಸುಂಟಿಕೊಪ್ಪ_ತೋಟದಮನೆ
ಅಕ್ಕ, ತುಂಬಾ ಥ್ಯಾಂಕ್ಸ್. ನನ್ನದು ಬೈಕಿನ ಟಯರಿಗೆ ಇರುವಂಥದ್ದೇ ದಪ್ಪ ವಾಲ್ವ್. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕಿಸಬಹುದಾ? ಎಷ್ಟು ಹಾಕಿಸಲಿ?

ಮೈಸೂರು_ಪೆಡಲ್
ವಾಲ್ವ್ ಹೊಂದುತ್ತದೆ. ಆದರೆ ಕಂಪ್ರೆಸರ್ ಗಾಳಿ ಕ್ಷಣದಲ್ಲಿ ತುಂಬುತ್ತದೆ. ಸೈಕಲ್ ಟ್ಯೂಬಿನಲ್ಲಿ ಜಾಗ ಕಡಿಮೆ. ಬಿಟ್ಟು ಬಿಟ್ಟು ಹಾಕಲು ಹೇಳಿ, ಇಲ್ಲದಿದ್ದರೆ ಢಂ. ಎಷ್ಟು ಅನ್ನುವುದನ್ನು ಟಯರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ನಿಮ್ಮಂಥ ದಪ್ಪ ಟಯರಿಗೆ ಸಾಮಾನ್ಯವಾಗಿ 40ರಿಂದ 65 ಪಿಎಸ್‌ಐ ಅಂತ ಇರುತ್ತದೆ. ಮಳೆಗಾಲದ ಕೆಸರಿಗೆ ಕೆಳಗಿನ ಅಂಕಿಯ ಹತ್ತಿರ ಇಟ್ಟುಕೊಳ್ಳಿ, ಹಿಡಿತ ಚೆನ್ನಾಗಿರುತ್ತದೆ.

ವಿರಾಜಪೇಟೆ_ಮೆಕ್ಯಾನಿಕ್
ನಾನು ಸೈಕಲ್ ರಿಪೇರಿಯನ್ನೇ ಕಸುಬು ಮಾಡಿಕೊಂಡವನು. ಎರಡು ಮಾತು ಹೇಳಬೇಕು.

ಆ ಅಂಗಡಿಯವರು ಎಣ್ಣೆ ಸುರಿದದ್ದು ತಪ್ಪು. ಯಾಕೆ ಅಂತ ಕೇಳಿದಾಗ ಹೇಳದಿದ್ದದ್ದು ಇನ್ನೂ ತಪ್ಪು. ಆದರೆ ಚೈನು, ಫ್ರೀವೀಲ್ ಎರಡೂ ಹೋಗಿದೆ ಅಂದದ್ದು ಸುಳ್ಳು ಅಂತ ಈಗಲೇ ಅಂದುಕೊಳ್ಳಬೇಡಿ. ಜೋರು ತುಳಿತಕ್ಕೆ ಜಾರುವ ಚೈನ್ ಬಹಳಷ್ಟು ಸಲ ಸವೆದದ್ದೇ ಆಗಿರುತ್ತದೆ. ನೀವೇ ಅಳೆದು ನೋಡಿ. ಶಾಲೆಯ ಸ್ಕೇಲು ಸಾಕು, ಅದರಲ್ಲಿ ಇಂಚು ಇರಬೇಕು. ಚೈನಿನ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು. ಹಾಗಾದರೆ ಹೊಸ ಚೈನಿನಲ್ಲಿ 24 ಪಿನ್ ದಾಟಿದರೆ ಸರಿಯಾಗಿ 12 ಇಂಚು. ಚೈನ್ ಬಿಗಿಯಾಗಿರುವ ಮೇಲಿನ ಸಾಲಿನಲ್ಲಿ ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿಯಿರಿ. 12 ಇಂಚಿನ ಗೆರೆಯ ಹತ್ತಿರ ಬರುವ ಪಿನ್ ನೋಡಿ. ಗೆರೆಯ ಮೇಲೇ ಇದ್ದರೆ ಚೈನ್ ಚೆನ್ನಾಗಿದೆ. ಇಂಚಿನ ಹದಿನಾರನೇ ಒಂದು ಭಾಗ ದಾಟಿದ್ದರೆ ಹೊಸ ಚೈನ್ ತರುವ ಸಮಯ ಹತ್ತಿರ ಬಂತು. ಎಂಟನೇ ಒಂದು ಭಾಗ ದಾಟಿದ್ದರೆ ಚೈನ್ ಪೂರ್ತಿ ಹೋಗಿದೆ, ಫ್ರೀವೀಲಿನ ಹಲ್ಲುಗಳನ್ನೂ ತಿಂದಿರುತ್ತದೆ.

ಕಬ್ಬಿಣ ಹಿಗ್ಗಿ ಉದ್ದ ಆಗುವುದಲ್ಲ ಅದು. ಪ್ರತಿ ಪಿನ್ನೂ ತೂತೂ ಒಂದಿಷ್ಟು ಸವೆದು, ಎಲ್ಲಾ ಸೇರಿ ಉದ್ದ ಕಾಣುತ್ತದೆ. ಆಗ ಚೈನು ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೆ ಹತ್ತಿ ಕೂರುತ್ತದೆ. ಜೋರಾಗಿ ತುಳಿದಾಗ ಹಾರುತ್ತದೆ.

ಎರಡನೆಯದು, ಹಬ್, ಬಾಟಮ್ ಬ್ರಾಕೆಟ್, ಫ್ರೀವೀಲ್ ಬಿಚ್ಚುವುದನ್ನು ಮೊದಲ ವರ್ಷ ಅಂಗಡಿಗೆ ಬಿಡಿ.

ಕುಶಾಲನಗರದವ
ಇಲ್ಲಿ ನನ್ನ ತಕರಾರು ಇದೆ. ಹಬ್ ಬಿಚ್ಚುವುದು ಅಂಥ ಬ್ರಹ್ಮವಿದ್ಯೆ ಏನಲ್ಲ. ಹಿಂದಿನ ಹಬ್ಬಿನಲ್ಲಿ ಒಂದೊಂದು ಬದಿಗೆ ಕಾಲಿಂಚಿನ 9 ಗುಂಡು, ಮುಂದಿನದ್ದರಲ್ಲಿ ಸಣ್ಣವು 10. ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿ, ಗುಂಡುಗಳನ್ನು ಅದುಮಿ ಹಿಡಿಯುವ ಕೋನ್ ಬಿಗಿ ಮಾಡಿದರೆ ಮುಗಿಯಿತು. ಮೆಕ್ಯಾನಿಕ್‌ಗಳು ಇದನ್ನು ಗುಟ್ಟು ಮಾಡಿ ಇಟ್ಟಿದ್ದಾರೆ.

ವಿರಾಜಪೇಟೆ_ಮೆಕ್ಯಾನಿಕ್
ಗುಟ್ಟು ಏನೂ ಇಲ್ಲ ಅಣ್ಣ. ನೀವು ಬರೆದ ಕೊನೆಯ ಮಾತು, 'ಕೋನ್ ಬಿಗಿ ಮಾಡಿದರೆ', ಅಲ್ಲೇ ಇರುವುದು ಕೆಲಸ. ಸ್ವಲ್ಪ ಜಾಸ್ತಿ ಬಿಗಿ ಆದರೆ ಗುಂಡು ಕೋನನ್ನು ತಿನ್ನುತ್ತದೆ. ಸಡಿಲ ಆದರೆ ಚಕ್ರ ಅಲ್ಲಾಡುತ್ತದೆ. ಅಚ್ಚು ತಿರುಗಿಸಿದಾಗ ಗರಗರ ಅನ್ನಬಾರದು, ಪಕ್ಕಕ್ಕೆ ಅಲ್ಲಾಡಿಸಿದರೆ ಟಿಕ್ ಅನ್ನಬಾರದು. ಆ ಹದ ಕೈಗೆ ಬರಲು ಸಮಯ ಬೇಕು. ಈಗಷ್ಟೇ ಅಲೆನ್ ಕೀ ಕೊಳ್ಳುವವರಿಗೆ ಅಲ್ಲಿಂದ ಶುರು ಮಾಡಿ ಅನ್ನುವುದು ನ್ಯಾಯ ಅಲ್ಲ. ಹಳೇ ಗುಜರಿ ಚಕ್ರ ಸಿಕ್ಕಿದರೆ ಅದರ ಮೇಲೆ ಬೇಕಾದಷ್ಟು ಕಲಿಯಲಿ.

ಇನ್ನೊಂದು ಮಾತು. ಒಂದು ಪಂಚರಿಗೆ ಎಷ್ಟು ಸಿಗುತ್ತದೆ ಅಂತ ನಿಮಗೂ ಗೊತ್ತು. ಬೈಕ್ ರಿಪೇರಿಯಲ್ಲಿ ಅದರ ಎಷ್ಟೋ ಪಟ್ಟು ಇದೆ. ನನ್ನ ಜೊತೆ ಕಲಿತವರೆಲ್ಲಾ ಬೈಕಿನ ಕಡೆ ಹೋದರು. ಮೊದಲೇ ಗುಡ್ಡದ ಊರು, ಸೈಕಲ್ ಕಡಿಮೆ. ಹೀಗಿರುವಾಗ ಗುಟ್ಟು ಮಾಡಿದ್ದಾರೆ ಅಂದರೆ ಬೇಜಾರಾಗುತ್ತದೆ.

ಕುಶಾಲನಗರದವ
ನಿಮಗೆ ಹೇಳಿದ್ದಲ್ಲ ಅಣ್ಣ. ಗುಜರಿ ಚಕ್ರದ ಮೇಲೆ ಕಲಿಯುವುದು ಒಳ್ಳೆಯ ಮಾತು, ಒಪ್ಪಿದೆ.

ಸೋಮವಾರಪೇಟೆ_ಮೇಷ್ಟ್ರು
ಚರ್ಚೆ ನೋಡಿ ಸಂತೋಷವಾಯಿತು. ವಿಷಯಕ್ಕೆ ಸ್ವಲ್ಪ ಹೊರಗೆ ಹೋಗುತ್ತೇನೆ. ಸರ್ಕಾರ 2006-07ರಲ್ಲಿ ಹೈಸ್ಕೂಲು ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ. 8ನೇ ತರಗತಿಯವರು ಶಾಲೆಯ ಅಂಗಳದಿಂದ ಬೆಲ್ ಬಾರಿಸುತ್ತಾ ಹೋಗುತ್ತಿದ್ದದ್ದು ಚೆನ್ನಾಗಿತ್ತು. ಆದರೆ ನಟ್ಟು ಬಿಗಿ ಮಾಡುವುದು, ಚೈನ್ ಬಿದ್ದರೆ ಹಾಕುವುದು, ಇದನ್ನು ಯಾರೂ ಮಕ್ಕಳಿಗೆ ಹೇಳಿಕೊಡಲಿಲ್ಲ. ಒಂದು ಮಳೆಗಾಲ ಕಳೆದರೆ ತುಕ್ಕು. ಎಷ್ಟೋ ಸೈಕಲ್ ಒಂದು ಬ್ರೇಕ್ ಕೇಬಲ್ ತುಂಡಾಯಿತು ಅಂತ ಸೌದೆ ಕೊಟ್ಟಿಗೆ ಸೇರಿದವು. ಬರೀ ಒಂದು ಕೇಬಲ್! ನಾನೀಗ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಆಸಕ್ತಿ ಇರುವ ಮಕ್ಕಳನ್ನು ಕೂರಿಸಿಕೊಂಡು ಪಂಚರ್, ಬ್ರೇಕ್ ಎರಡನ್ನು ಹೇಳಿಕೊಡುತ್ತೇನೆ. ಹುಡುಗಿಯರು ಹುಡುಗರಿಗಿಂತ ಬೇಗ ಕಲಿಯುತ್ತಾರೆ, ಯಾಕೆಂದರೆ ಅವರು ಸೊಲ್ಯೂಷನ್ ಒಣಗುವ ತನಕ ಕಾಯುತ್ತಾರೆ.

ನಾಪೋಕ್ಲು_ಹೊಳೆ
ಮೇಷ್ಟ್ರೇ, ಇದು ಪ್ರತಿ ಹೈಸ್ಕೂಲಿನಲ್ಲಿ ಆಗಬೇಕಾದ ಕೆಲಸ.

ಮಡಿಕೇರಿ_ಇಳಿಜಾರು
ಎಲ್ಲರೂ ಚೈನಿನ ಹಿಂದೆ ಬಿದ್ದಿದ್ದೀರಿ. ಬ್ರೇಕ್ ಬಗ್ಗೆ ಯಾಕೆ ಮಾತಿಲ್ಲ? ಬಯಲು ಸೀಮೆಯಲ್ಲಿ ಚೈನ್ ಮೊದಲು ಇರಬಹುದು. ಇಲ್ಲಿ ಮನೆಯಿಂದ ಹೊರಟರೆ ಇಳಿಜಾರು. ಮಡಿಕೇರಿ 1,100 ಮೀಟರಿಗೂ ಎತ್ತರದಲ್ಲಿದೆ. ಸಂಪಾಜೆ ಘಾಟಿಯಲ್ಲಿ ಇಳಿಯುತ್ತಾ ಹೋದರೆ ಬ್ರೇಕ್ ಹಿಡಿದ ಕೈ ಬಿಡುವಂತಿಲ್ಲ. ಚೈನ್ ಜಾರಿದರೆ ಸೈಕಲ್ ನಿಲ್ಲುತ್ತದೆ. ಬ್ರೇಕ್ ಹೋದರೆ ನಿಲ್ಲುವುದಿಲ್ಲ, ಅಷ್ಟೇ ವ್ಯತ್ಯಾಸ.

ಹೊರಡುವ ಮುಂಚೆ ದಿನಾ ನೋಡಿ. ಲಿವರ್ ಒತ್ತಿದಾಗ ಹ್ಯಾಂಡಲಿಗೆ ತಾಗುವಷ್ಟು ಒಳಗೆ ಬರಬಾರದು. ಮುಂದಿನ ಬ್ರೇಕ್ ಹಿಡಿದು ಮುಂದಕ್ಕೆ ತಳ್ಳಿ, ಹಿಂದಿನದು ಹಿಡಿದು ಹಿಂದಕ್ಕೆ ಎಳೆಯಿರಿ, ಚಕ್ರ ಉರುಳಬಾರದು. ಕೇಬಲ್ಲಿನ ತುದಿಯಲ್ಲಿ, ಲಿವರಿನ ಒಳಗೆ, ಎಳೆ ಬಿಚ್ಚಿಕೊಂಡಿದ್ದರೆ ಅವತ್ತೇ ಬದಲಾಯಿಸಿ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಸವೆದು ಅದರ ತಗಡಿನ ಮೇಲೆ 1 ಮಿ.ಮೀ. ಮಾತ್ರ ಉಳಿದಿದ್ದರೆ ಹೊಸದು ಹಾಕಿ. ಮಳೆಯಲ್ಲಿ ಮಣ್ಣು ಸೇರಿ ಪ್ಯಾಡ್ ಬೇಸಿಗೆಗಿಂತ ಬೇಗ ಮುಗಿಯುತ್ತದೆ, ರಬ್ಬರ್ ಬ್ರೇಕ್ ಇರುವವರಿಗೆ ಇನ್ನೂ ಬೇಗ. ರಬ್ಬರ್ ಕಟ್ಟೆಯಲ್ಲಿ ಗೀರು ಮುಚ್ಚಿಹೋಗಿದ್ದರೆ ಅದು ಮುಗಿದ ಹಾಗೆ. ಒಳಗೆ ಸಿಕ್ಕಿಕೊಂಡ ಕಲ್ಲಿನ ಚೂರು, ರಿಮ್ಮಿನ ಲೋಹದ ಚೂರುಗಳನ್ನು ಸೂಜಿಯಲ್ಲಿ ಕಿತ್ತು ತೆಗೆಯಿರಿ.

ನಿಮ್ಮ ಕಿಂಯ್ ಶಬ್ದಕ್ಕೆ: ಕ್ಯಾಲಿಪರ್ ಅಂದರೆ ಪ್ಯಾಡ್ ಕೂತಿರುವ ಪೆಟ್ಟಿಗೆ. ಅದನ್ನು ಫ್ರೇಮಿಗೆ ಹಿಡಿದಿರುವ ಎರಡು ಬೋಲ್ಟ್ 5ರ ಅಲೆನ್ ಕೀಗೆ ಸಡಿಲ ಮಾಡಿ. ಪೂರ್ತಿ ಬಿಚ್ಚಬೇಡಿ. ಪೆಟ್ಟಿಗೆ ಅಲ್ಲಾಡಿದರೆ ಸಾಕು. ಹಿಂದಿನ ಬ್ರೇಕ್ ಲಿವರನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಟ್ಟಿಗೆ ತಾನಾಗಿ ಡಿಸ್ಕಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಲಿವರ್ ಬಿಡದೆ ಎರಡೂ ಬೋಲ್ಟನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಆಮೇಲೂ ಉಜ್ಜಿದರೆ ಒಳಬದಿಯ ಪ್ಯಾಡನ್ನು ಹಿಂದೆ ಸರಿಸಲು ಒಂದು ಗುಂಡಿಯೋ ಅಲೆನ್ ತೂತೋ ಇರುತ್ತದೆ, ಅದನ್ನು ಕಾಲು ಸುತ್ತು ಬಿಡಿಸಿ. ಡಿಸ್ಕಿನ ಮೇಲೆ ಬೆರಳು ಇಡಬೇಡಿ. ಎಣ್ಣೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಆ ಅಂಗಡಿಯಲ್ಲಿ ಎಣ್ಣೆ ಸುರಿದರು ಅಂದಿರಲ್ಲ, ಡಿಸ್ಕಿಗೆ ಹಾರಿದೆಯಾ ಅಂತ ನೋಡಿ. ಹಾರಿದ್ದರೆ ಮೆಡಿಕಲ್ ಶಾಪಿನ ಸ್ಪಿರಿಟಿನಲ್ಲಿ ಒರೆಸಿ. ಪ್ಯಾಡಿಗೆ ಎಣ್ಣೆ ಇಳಿದಿದ್ದರೆ ಪ್ಯಾಡ್ ಹೊಸದೇ ಹಾಕಬೇಕಾಗುತ್ತದೆ.

ಗಾಳಿಬೀಡು_ಮಳೆ
ಒಪ್ಪಿದೆ, ಬ್ರೇಕ್ ಮೊದಲು, ಚೈನ್ ಆಮೇಲೆ. ಇನ್ನೊಂದು ಸೇರಿಸಿ. ಜೀಪು ತೊಳೆಯುವ ಸರ್ವಿಸ್ ಸ್ಟೇಷನ್ನಿನಲ್ಲಿ ಸೈಕಲ್ಲಿಗೆ ಜೋರು ನೀರು ಹೊಡೆಸಬೇಡಿ. ಹಬ್ಬಿನೊಳಗೆ, ಪೆಡಲ್ ಅಚ್ಚಿನೊಳಗೆ ನೀರು ನುಗ್ಗಿ ಗ್ರೀಸ್ ಹೋಗುತ್ತದೆ. ಹೊರಗೆ ಪಳಪಳ, ಒಳಗೆ ತುಕ್ಕು.

ಬೆಂಗಳೂರಲ್ಲಿ_ಕೊಡಗು
ಸೀಟಿನ ಕಂಬವನ್ನು ಮಳೆಗೆ ಮುಂಚೆ ಹೊರಗೆಳೆದು, ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ ವಾಪಸ್ ಹಾಕಿ. ಹಾಗೇ ಬಿಟ್ಟರೆ ಎರಡು ಮೂರು ಮಳೆಗಾಲದಲ್ಲಿ ಫ್ರೇಮಿಗೆ ಕಚ್ಚಿಕೊಂಡು ಬಿಡುತ್ತದೆ. ಎತ್ತರ ಎಷ್ಟಿತ್ತು ಅಂತ ಮೊದಲು ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ.

ಸುಂಟಿಕೊಪ್ಪ_ತೋಟದಮನೆ
ಕ್ಯಾಲಿಪರ್ ಸರಿ ಮಾಡಿದೆ! ಲಿವರ್ ಒತ್ತಿ ಹಿಡಿಯಲು ಅಮ್ಮನನ್ನು ಕರೆದೆ, ನಾನು ಬೋಲ್ಟ್ ಬಿಗಿ ಮಾಡಿದೆ. ಕಿಂಯ್ ಪೂರ್ತಿ ನಿಂತಿದೆ. ಡಿಸ್ಕಿನ ಮೇಲೆ ಎಣ್ಣೆ ಇರಲಿಲ್ಲ.

ಚೈನ್ ಅಳೆದೆ. 12 ಇಂಚಿನ ಗೆರೆಯಿಂದ ಎಂಟನೇ ಒಂದು ಭಾಗಕ್ಕಿಂತ ಜಾಸ್ತಿಯೇ ಆಚೆ ಇದೆ. ಹಾಗಾದರೆ ಅಂಗಡಿಯವರು ಹೇಳಿದ್ದು ನಿಜ. ಬರೀ ಚೈನ್ ಬದಲಾಯಿಸಿ ಫ್ರೀವೀಲ್ ಉಳಿಸಿಕೊಳ್ಳಬಹುದಾ? ಇನ್ನೊಂದು, 3ರಿಂದ 2ನೇ ಗೇರಿಗೆ, ಅಂದರೆ ದೊಡ್ಡ ಹಲ್ಲಿನ ಕಡೆ ಹೋಗುವಾಗ ಚೈನ್ ತಡವರಿಸುತ್ತದೆ. ಅದೂ ಸವೆತವೇ?

ವಿರಾಜಪೇಟೆ_ಮೆಕ್ಯಾನಿಕ್
ಅಷ್ಟು ಸವೆದ ಮೇಲೆ ಉಳಿಸಲು ಆಗುವುದಿಲ್ಲ ಮೇಡಂ. ಹಳೇ ಹಲ್ಲು ಹಳೇ ಚೈನಿಗೆ ಹೊಂದಿಕೊಂಡು ಸವೆದಿರುತ್ತದೆ. ಹೊಸ ಚೈನ್ ಅದರ ಮೇಲೆ ಇನ್ನೂ ಜಾಸ್ತಿ ಹಾರುತ್ತದೆ. ಎರಡೂ ಒಟ್ಟಿಗೆ ಹಾಕಿ. ಇನ್ನು ಮುಂದೆ ಆಗಾಗ ಅಳೆದು, ಹದಿನಾರನೇ ಒಂದು ಭಾಗ ದಾಟಿದ ಮೇಲೆ ತಡ ಮಾಡದೆ ಚೈನ್ ಮಾತ್ರ ಬದಲಾಯಿಸುತ್ತಾ ಹೋದರೆ ಫ್ರೀವೀಲ್ ಬಹಳ ಕಾಲ ಬರುತ್ತದೆ. ಚೈನ್ ಅಗ್ಗ, ಫ್ರೀವೀಲ್ ಅಲ್ಲ.

ಗೇರ್ ತಡವರಿಸುವುದಕ್ಕೆ ಕೇಬಲ್ ಸಡಿಲ ಕಾರಣ ಇರಬಹುದು. ಚೈನನ್ನು ಒಂದು ಹಲ್ಲಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರಿಗೆ ಕೇಬಲ್ ಒಳಗೆ ಹೋಗುವ ಜಾಗದಲ್ಲಿ ಕೈಯಲ್ಲೇ ತಿರುಗುವ ಒಂದು ಗುಂಡಿ ಇದೆ. ಸೈಕಲ್ಲಿನ ಹಿಂದೆ ನಿಂತು ನೋಡುವಾಗ ಗಡಿಯಾರದ ಮುಳ್ಳಿಗೆ ವಿರುದ್ಧ ಕಾಲು ಸುತ್ತು ತಿರುಗಿಸಿ, ಪೆಡಲ್ ತಿರುಗಿಸಿ ಗೇರ್ ಹಾಕಿ ನೋಡಿ. ಇನ್ನೂ ತಡವರಿಸಿದರೆ ಇನ್ನೊಂದು ಕಾಲು ಸುತ್ತು. ದೊಡ್ಡ ಹಲ್ಲಿಗೆ ಹತ್ತಲು ತಡವಾದರೆ ವಿರುದ್ಧ ದಿಕ್ಕು. ಸಣ್ಣ ಹಲ್ಲಿಗೆ ಇಳಿಯಲು ತಡವಾದರೆ ಮುಳ್ಳಿನ ದಿಕ್ಕು. ಪಕ್ಕದಲ್ಲಿ ಎರಡು ಸಣ್ಣ ಸ್ಕ್ರೂ ಇರುತ್ತವೆ, ಎಚ್, ಎಲ್ ಅಂತ ಬರೆದಿರುತ್ತದೆ. ಅವು ಚೈನ್ ಎರಡು ತುದಿಯಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ. ಅವನ್ನು ಸದ್ಯಕ್ಕೆ ಮುಟ್ಟಬೇಡಿ. ತಪ್ಪಾಗಿ ತಿರುಗಿಸಿದರೆ ಚೈನ್ ಕಡ್ಡಿಯೊಳಗೆ ಬೀಳುತ್ತದೆ. ಸೈಕಲ್ ಯಾವಾಗಲಾದರೂ ಬಲಕ್ಕೆ ಬಿದ್ದಿದ್ದರೆ ಹೇಳಿ. ಡಿರೇಲರ್ ಹಿಡಿದಿರುವ ಕೊಂಡಿ ಬಾಗಿದ್ದರೆ ಕೇಬಲ್ ಎಷ್ಟು ಸರಿ ಮಾಡಿದರೂ ಪ್ರಯೋಜನ ಇಲ್ಲ. ಆ ಕೊಂಡಿ ಬೇಕೆಂದೇ ಮೆದು ಮಾಡಿರುತ್ತಾರೆ, ಫ್ರೇಮ್ ಉಳಿಯಲಿ ಅಂತ.

ಕುಶಾಲನಗರದವ
ಫ್ರೀವೀಲ್ ಅವರೇ ಹಾಕಿಕೊಳ್ಳಲಿ ಬಿಡಿ ಅಣ್ಣ. ಹಾಕುವಾಗ ಗ್ರೀಸ್ ಹಚ್ಚಿ ಕೈಯಲ್ಲಿ ತಿರುಗಿಸಿದರೆ ಸಾಕು, ತುಳಿದ ಹಾಗೆ ತಾನಾಗಿ ಬಿಗಿಯಾಗುತ್ತದೆ.

ವಿರಾಜಪೇಟೆ_ಮೆಕ್ಯಾನಿಕ್
ಹಾಕುವುದು ಸುಲಭ, ತೆಗೆಯುವುದೇ ಕಷ್ಟ. ವರ್ಷಗಟ್ಟಲೆ ತುಳಿದು ಬಿಗಿಯಾಗಿರುತ್ತದೆ. ಅದಕ್ಕೆ ಹೊಂದುವ ಟೂಲ್ ಬೇಕು, ಉದ್ದ ಹಿಡಿಯ ಸ್ಪ್ಯಾನರ್ ಬೇಕು, ಇಲ್ಲದಿದ್ದರೆ ವೈಸ್ ಬೇಕು. ಒಂದು ಸಲದ ಕೆಲಸಕ್ಕೆ ಅಷ್ಟೆಲ್ಲಾ ಕೊಳ್ಳುವುದು ಯಾಕೆ?

ಮೇಡಂ, ಜೀಪಿನಲ್ಲಿ ಇಡೀ ಸೈಕಲ್ ತರುವುದು ಬೇಡ. ಹಿಂದಿನ ಚಕ್ರ ಬಿಚ್ಚುವುದು ನಿಮಗೆ ಪಂಚರಿಗೆ ಹೇಗೂ ಬೇಕು, ಅದನ್ನು ಮನೆಯಲ್ಲೇ ಮಾಡಿ. ಚೈನನ್ನು ಸಣ್ಣ ಹಲ್ಲಿಗೆ ಇಳಿಸಿ, ನಟ್ ಸಡಿಲಿಸಿ, ಡಿರೇಲರನ್ನು ಹಿಂದಕ್ಕೆ ಎಳೆದು ಹಿಡಿದರೆ ಚಕ್ರ ಕೆಳಗೆ ಬರುತ್ತದೆ. ಡಿಸ್ಕ್ ಬಾಗದ ಹಾಗೆ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಹಾಕಿಕೊಂಡು ಯಾವುದಾದರೂ ಅಂಗಡಿಗೆ ಒಯ್ಯಿರಿ. ಮಡಿಕೇರಿಗೆ ಹೋಗುವುದಾದರೆ ಶುಕ್ರವಾರ ಬೇಡ, ಸಂತೆಯ ದಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಫ್ರೀವೀಲ್ ಬದಲಾಯಿಸುವಾಗ ಪಕ್ಕದಲ್ಲಿ ನಿಂತು ನೋಡಿ. 7 ಗೇರಿನ ಚೈನು, ಅದರ ಜೊತೆ ಚೈನಿನ ಎರಡು ತುದಿ ಸೇರಿಸುವ ಕೊಂಡಿ, ಕ್ವಿಕ್ ಲಿಂಕ್, ಕೇಳಿ ತೆಗೆದುಕೊಳ್ಳಿ. ಹಳೇ ಚೈನಿನ ಪಕ್ಕ ಇಟ್ಟು ಕೊಂಡಿಗಳನ್ನು ಎಣಿಸಿ ಅಷ್ಟೇ ಉದ್ದಕ್ಕೆ ಅಲ್ಲೇ ಕತ್ತರಿಸಿಕೊಡಲು ಹೇಳಿ. ಮನೆಯಲ್ಲಿ ಕ್ವಿಕ್ ಲಿಂಕ್ ಕೈಯಲ್ಲೇ ಸೇರಿಸಬಹುದು.

ಸುಂಟಿಕೊಪ್ಪ_ತೋಟದಮನೆ
ಹಾಗಾದರೆ ಹಳೇ ಚೈನನ್ನೂ ಜೊತೆಗೆ ಒಯ್ಯಬೇಕು. ಅದನ್ನು ಬಿಚ್ಚುವುದು ಹೇಗೆ? ಕ್ವಿಕ್ ಲಿಂಕ್ ಕಾಣುತ್ತಿಲ್ಲ.

ಪೊನ್ನಂಪೇಟೆ_ಅಕ್ಕ
ಉಳಿದ ಕೊಂಡಿಗಳಿಗಿಂತ ಬೇರೆ ಥರ ಕಾಣುವ ಒಂದು ಕೊಂಡಿ ಇದೆಯಾ ಅಂತ ಚೈನ್ ತಿರುಗಿಸಿ ನೋಡಿ, ಮೊದಲು ಮಸಿ ಒರೆಸಿ. ಇಲ್ಲದಿದ್ದರೆ ಬಿಚ್ಚುವುದು ಬೇಡ. ಕೊಂಡಿ ಎಣಿಸಿ ಬರೆದುಕೊಂಡು ಹೋಗಿ. ವಾಲ್ವ್ ಹತ್ತಿರದ ಒಂದು ಕೊಂಡಿಗೆ ದಾರ ಕಟ್ಟಿ ಎಣಿಸಲು ಶುರು ಮಾಡಿದರೆ

ಪೊನ್ನಂಪೇಟೆ_ಅಕ್ಕ
ಕೈತಪ್ಪಿ ಅರ್ಧಕ್ಕೇ ಹೋಯಿತು, ವಾಲ್ವ್ ಅಂತ ಬೇರೆ ಬಂದಿದೆ. ಯಾವುದಾದರೂ ಒಂದು ಕೊಂಡಿಗೆ ಬಿಳಿ ದಾರ ಕಟ್ಟಿ, ಅಲ್ಲಿಂದ ಶುರು ಮಾಡಿ ದಾರ ಮತ್ತೆ ಬರುವ ತನಕ ಎಣಿಸಿ. ಒಳ ಕೊಂಡಿ, ಹೊರ ಕೊಂಡಿ ಎರಡನ್ನೂ ಎಣಿಸಬೇಕು. ಒಟ್ಟು ಲೆಕ್ಕ ಸಮಸಂಖ್ಯೆ ಬರಬೇಕು. ಬೆಸ ಬಂದರೆ ಎಣಿಕೆ ತಪ್ಪಿದೆ, ಮತ್ತೆ ಎಣಿಸಿ. ಹಳೇ ಚೈನನ್ನು ಅಂಗಡಿಯಿಂದ ಬಂದ ಮೇಲೆ ಕಟಿಂಗ್ ಪ್ಲೇಯರಿನಲ್ಲಿ ತುಂಡು ಮಾಡಿ ತೆಗೆದರಾಯಿತು, ಹೇಗೂ ಅದು ಗುಜರಿಗೆ.

ವಿರಾಜಪೇಟೆ_ಮೆಕ್ಯಾನಿಕ್
ಪ್ಲೇಯರಿಗೆ ಬಗ್ಗುವುದಿಲ್ಲ ಅಕ್ಕ, ಚೈನ್ ಗಟ್ಟಿ ಉಕ್ಕು. ಚೈನ್ ಕತ್ತರಿಸುವ ಸಣ್ಣ ಟೂಲ್ ಒಂದನ್ನು ಹೊಸ ಚೈನಿನ ಜೊತೆಗೇ ತೆಗೆದುಕೊಳ್ಳಲಿ. ದುಬಾರಿ ಅಲ್ಲ, ದಾರಿಯಲ್ಲಿ ಚೈನ್ ತುಂಡಾದರೂ ಅದೇ ಬೇಕು. ಬೆಂಗಳೂರಿನವರ ಪಟ್ಟಿಯಲ್ಲಿ ಈಗಲೇ ಬೇಕಾದದ್ದು ಅದೊಂದು.

ಸುಂಟಿಕೊಪ್ಪ_ತೋಟದಮನೆ
ಎಣಿಸಿದೆ, ಸಮಸಂಖ್ಯೆಯೇ ಬಂತು. ಸೋಮವಾರ ಬೆಳಗಿನ ಬಸ್ಸಿಗೆ ಚಕ್ರ ಒಯ್ಯುತ್ತೇನೆ.